ಹನ್ನೆರಡರಲ್ಲಿ ಒಂದು ಪಾಲು

ಮಕ್ಕಳಾಟವೆಂದು ಹಿರಿಯರು ಒಮ್ಮೆ ಬದಿಗೆ ಸರಿಸಿದ ವಸ್ತುಗಳಲ್ಲಿ ಕೆಲವು, ಎಷ್ಟೋ ವರ್ಷಗಳು ಉರುಳಿದ ಮೇಲೆ, ಆ ಹಿರಿಯರಿಗೇ ಪಾಠ ಹೇಳಲು ಅಟ್ಟದಿಂದ ಇಳಿದುಬರುತ್ತವೆ. ಬಸವನಗುಡಿಯ ಒಂದು ಮನೆಯಲ್ಲಿ, ಗೋಡೆಗೆ ಬಣ್ಣ ಬಳಿಸುವ ಸಲುವಾಗಿ ಅಟ್ಟವನ್ನು ಬರಿದುಮಾಡಿದ ದಿನ, ಹಿತ್ತಾಳೆಯ ಕೊಳಗಕ್ಕೂ ಹಳೆಯ ಪಂಚಾಂಗಗಳ ಕಟ್ಟಿಗೂ ನಡುವೆ ಸಿಕ್ಕಿದ ರಟ್ಟಿನ ಪೆಟ್ಟಿಗೆ ಅಂಥದೊಂದು ವಸ್ತು.

ಮನೆಯ ಯಜಮಾನರಾದ ರಾಯರು ಗಣಿತದ ಮೇಷ್ಟರಾಗಿ ನಿವೃತ್ತರಾದವರು. ಪೆಟ್ಟಿಗೆಯನ್ನು ಅಲ್ಲಿ ಇಟ್ಟವರೂ ಅವರೇ. ಸುಮಾರು ಹದಿನೈದು ವರ್ಷಗಳ ಹಿಂದೆ, ಮಗ ಎರಡನೆಯ ಪಿ.ಯು.ಸಿ.ಯಲ್ಲಿದ್ದಾಗ, ಸಂಜೆಯ ಹೊತ್ತೆಲ್ಲ ಪ್ಲಾಸ್ಟಿಕ್ ಚೂರುಗಳ ಮುಂದೆ ಕುಳಿತಿರುವುದನ್ನು ಕಂಡು, “ಪರೀಕ್ಷೆ ಮುಗಿಯಲಿ, ಆಮೇಲೆ ಕೊಡುತ್ತೇನೆ” ಎಂದು ಕಿತ್ತಿಟ್ಟಿದ್ದರು. ಪರೀಕ್ಷೆ ಮುಗಿಯಿತು. ಮಗ ಕೇಳಲಿಲ್ಲ, ತಂದೆ ಕೊಡಲಿಲ್ಲ. ಮಗ ಈಗ ಪುಣೆಯಲ್ಲಿ ಉದ್ಯೋಗಸ್ಥ. ಭಾನುವಾರ ತಪ್ಪದೆ ದೂರವಾಣಿ ಮಾಡುತ್ತಾನೆ. ಆರೋಗ್ಯ, ಮಳೆ, ವಿದ್ಯುತ್ತಿನ ಬಿಲ್ಲು, ಇಷ್ಟಾದರೆ ಮಾತು ಮುಗಿಯುತ್ತದೆ. ಮೂರನೆಯ ನಿಮಿಷವನ್ನು ಅದು ಮುಟ್ಟಿದ್ದಿಲ್ಲ.

ಪೆಟ್ಟಿಗೆಯಲ್ಲಿದ್ದುದು ಹೋಂಡಾ ಆರ್‌ಸಿ 166 ಎಂಬ ಪಂದ್ಯದ ಮೋಟಾರ್‌ಸೈಕಲ್ಲಿನ ಮಾದರಿ. 1966 ಮತ್ತು 1967ರಲ್ಲಿ ಇಂಗ್ಲೆಂಡಿನ ಮೈಕ್ ಹೈಲ್‌ವುಡ್ 250 ಸಿ.ಸಿ. ವರ್ಗದ ವಿಶ್ವವಿಜೇತನಾದದ್ದು ಈ ಗಾಡಿಯ ಮೇಲೆ. ಅಷ್ಟು ಚಿಕ್ಕ ಎಂಜಿನ್ನಿನಲ್ಲಿ ಆರು ಸಿಲಿಂಡರುಗಳು. ಒಂದೊಂದೂ ಸುಮಾರು 41 ಸಿ.ಸಿ. ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತು ತಿರುಗುತ್ತಿದ್ದ ಆ ಎಂಜಿನ್ನಿನಿಂದ ಎಡಕ್ಕೆ ಮೂರು, ಬಲಕ್ಕೆ ಮೂರು ಹೊಗೆಕೊಳವೆಗಳು ತುತ್ತೂರಿಗಳಂತೆ ಹಿಂದಕ್ಕೆ ಚಾಚಿಕೊಂಡಿರುತ್ತಿದ್ದವು. ಮಾದರಿಯ ಪ್ರಮಾಣ ಹನ್ನೆರಡಕ್ಕೆ ಒಂದು. ಎಂದರೆ ನಿಜವಾದ ಗಾಡಿಯ ಒಂದು ಅಡಿ ಇಲ್ಲಿ ಒಂದು ಅಂಗುಲ. ಉದ್ದದಲ್ಲಿ ಹನ್ನೆರಡರಲ್ಲಿ ಒಂದು ಪಾಲಾದರೆ ಘನಗಾತ್ರದಲ್ಲಿ 1,728ರಲ್ಲಿ ಒಂದು ಪಾಲು ಎಂದು ರಾಯರ ಮನಸ್ಸು ತಾನಾಗಿ ಲೆಕ್ಕ ಹಾಕಿತು.

ಆದರೆ ಅವರ ಕಣ್ಣು ನಿಂತದ್ದು ಬೇರೆ ಕಡೆ. ಸೂಚನೆಯ ಹಾಳೆಯಲ್ಲಿ ಪ್ರತಿಯೊಂದು ಹಂತದ ಪಕ್ಕದಲ್ಲಿಯೂ ಪೆನ್ಸಿಲಿನಿಂದ ಗುರುತು ಹಾಕಲಾಗಿತ್ತು. ಒಂಬತ್ತನೆಯ ಹಂತದ ಮುಂದೆ ಗುರುತಿರಲಿಲ್ಲ. ಹತ್ತಿಯಲ್ಲಿ ಸುತ್ತಿಟ್ಟ ಎಂಜಿನ್ನಿನ ಎಳೆಎಳೆಯ ರೆಕ್ಕೆಗಳಿಗೆ, ಒಂದರ ಬಣ್ಣ ಇನ್ನೊಂದಕ್ಕೆ ತಾಕದಂತೆ, ಬೆಳ್ಳಿಯ ಬಣ್ಣವನ್ನು ಹಚ್ಚಲಾಗಿತ್ತು. ಹದಿನೇಳರ ಹುಡುಗನ ಕೈಗೆಲಸ ಅದು. “ಏಕಾಗ್ರತೆಯಿಲ್ಲ” ಎಂದು ಆ ವರ್ಷ ಎಷ್ಟು ಸಲ ಗದರಿದ್ದರೋ ರಾಯರಿಗೇ ಲೆಕ್ಕ ಸಿಗಲಿಲ್ಲ.

ಉಳಿದುದನ್ನು ತಾವೇ ಮುಗಿಸಿ ಮಗನಿಗೆ ಒಪ್ಪಿಸಬೇಕೆಂದು ಅವರು ಅಂದೇ ನಿಶ್ಚಯಿಸಿದರು. ಕೆಲಸಕ್ಕೆ ಕೈಹಾಕಿದ ಮೇಲೆ ಅದರ ಕಾಠಿಣ್ಯ ತಿಳಿಯಿತು. ಅಚ್ಚಿನ ಜಿಡ್ಡು ಹೋಗುವಂತೆ ಭಾಗಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಪ್ರೈಮರ್ ಕೊಟ್ಟು, ನುಣುಪಾದ ಎಮೆರಿ ಕಾಗದವನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ಉಜ್ಜಬೇಕು. ಕೆಂಪು ಬಣ್ಣಕ್ಕೆ ಕಾಂತಿ ಬರಬೇಕಾದರೆ ಅದರ ಕೆಳಗೆ ಬಿಳಿಯ ನೆಲವಿರಬೇಕು. ಒಂದೇ ಸಲಕ್ಕೆ ದಪ್ಪನಾಗಿ ಎರಚಿದರೆ ಬಣ್ಣ ಇಳಿದು ಕಣ್ಣೀರಿನಂತೆ ಗಟ್ಟಿಯಾಗುತ್ತದೆ; ಮಂಜು ಬಿದ್ದಂತೆ ತೆಳುವಾಗಿ ಮೂರು ನಾಲ್ಕು ಸಲ ಎರಚಬೇಕು. ರಾಯರ ಮೊದಲ ಪ್ರಯತ್ನ ನಡೆದದ್ದು ಮಳೆ ಹಿಡಿದ ದಿನ. ಗಾಳಿಯ ತೇವಕ್ಕೆ ಕೆಂಪಿನ ಮೇಲೆ ಬೂದಿ ಹಾರಿದಂತೆ ಬಿಳಿಯ ಮಬ್ಬು ಕವಿಯಿತು. ಎಲ್ಲವನ್ನೂ ಉಜ್ಜಿ ತೆಗೆದು, ಬಿಸಿಲಿಗಾಗಿ ಹತ್ತು ದಿನ ಕಾದರು. ಎರಡನೆಯ ಸಲ ಬಣ್ಣ ಒಣಗುವವರೆಗೆ ಧೂಳು ಬೀಳದಿರಲೆಂದು ಅವರು ಅಡುಗೆಮನೆಯ ದೊಡ್ಡ ಪಾತ್ರೆಯನ್ನು ಬೋರಲು ಹಾಕಿದರು. ಅವರ ಪತ್ನಿ ಆ ಪಾತ್ರೆಯನ್ನು ಎರಡು ದಿನ ಕೇಳಲೇ ಇಲ್ಲ.

ಇನ್ನು ಉಳಿದದ್ದು ಡಿಕ್ಯಾಲುಗಳು, ಎಂದರೆ ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಚಿತ್ರಗಳು. ಹಾಳೆ ಹಳದಿಯಾಗಿತ್ತು. ಅಂಗಡಿಯ ಹುಡುಗನ ಮಾತಿನಂತೆ ಅದನ್ನು ಕಿಟಕಿಯ ಗಾಜಿಗೆ ಅಂಟಿಸಿ, ಕೆಲವು ವಾರ ಬಿಸಿಲು ಕಾಯಿಸಿದಾಗ ಹಳದಿ ಬಹುಮಟ್ಟಿಗೆ ಇಳಿಯಿತು. ಒರಟು ಬಣ್ಣದ ಮೇಲೆ ಡಿಕ್ಯಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಪೊರೆಯಂತೆ ಬೆಳ್ಳಗೆ ಮಿನುಗುತ್ತದೆ. ಆದುದರಿಂದ ಮೊದಲು ಹೊಳಪಿನ ವಾರ್ನಿಷ್ ಬೇಕು. ಚಿತ್ರವನ್ನು ಕತ್ತರಿಸಿ, ಹತ್ತು ಹದಿನೈದು ಕ್ಷಣ ನೀರಿನಲ್ಲಿ ಅದ್ದಿ, ಒದ್ದೆ ಬಟ್ಟೆಯ ಮೇಲಿಟ್ಟು, ಕಾಗದದಿಂದ ತಾನಾಗಿ ಜಾರುವವರೆಗೆ ಕಾಯಬೇಕು. ಎಳೆದರೆ ಹರಿಯುತ್ತದೆ. ಜಾಗದಲ್ಲಿ ಕೂತ ಮೇಲೆ ಮೆದುಮಾಡುವ ದ್ರಾವಣವನ್ನು ತೊಟ್ಟಿಕ್ಕಿದರೆ ಅದು ಸುಕ್ಕುಗಟ್ಟುತ್ತದೆ, ಹೆದರಿ ಮುಟ್ಟಬಾರದು, ಒಣಗುತ್ತ ಒಣಗುತ್ತ ತಾನೇ ಹರಡಿಕೊಳ್ಳುತ್ತದೆ. ಮುಟ್ಟದೆ ಬಿಡುವುದು ಮೇಷ್ಟರ ಕೈಗೆ ಹೊಸ ವಿದ್ಯೆ.

ಆ ಕಾಲದ ನಿಯಮದಂತೆ 250 ಸಿ.ಸಿ. ಗಾಡಿಯ ಅಂಕಿಯ ಫಲಕಕ್ಕೆ ಹಸಿರು ನೆಲ, ಬಿಳಿಯ ಅಂಕಿ. ಪಕ್ಕದ ಎರಡು ಫಲಕಗಳು ಕೂತವು. ಮುಂದಿನ ಬಾಗಿದ ಮೈಯ ಮೇಲೆ ಮೂರನೆಯದನ್ನು ಜಾರಿಸುವಾಗ ಅದು ಸದ್ದಿಲ್ಲದೆ ಮೂರು ಚೂರಾಯಿತು. ಬದಲಿಗೆ ಇನ್ನೊಂದಿಲ್ಲ. ಅಂದು ಬುಧವಾರ. ರಾಯರು ದೂರವಾಣಿಯನ್ನು ಕೈಗೆತ್ತಿಕೊಂಡರು.

“ಏನಪ್ಪಾ, ಆರೋಗ್ಯ ತಾನೇ?” ಮಗನ ಧ್ವನಿಯಲ್ಲಿ ಗಾಬರಿಯಿತ್ತು.

“ಆರೋಗ್ಯಕ್ಕೇನೂ ಇಲ್ಲ. ಒಂದು ವಿಷಯ ಕೇಳಬೇಕಿತ್ತು. ಡಿಕ್ಯಾಲು ಒಡೆದುಹೋಯಿತು. ಏನು ಮಾಡಲಿ?”

ಆ ಕಡೆ ಕೆಲವು ಕ್ಷಣ ಮೌನ. ಆಮೇಲೆ ಪ್ರಶ್ನೆ: “ನೀರಿಗೆ ಹಾಕುವ ಮುಂಚೆ ಹಾಳೆಗೆ ತೆಳುವಾಗಿ ವಾರ್ನಿಷ್ ಕೊಟ್ಟಿದ್ದಿರಾ?”

“ಇಲ್ಲ.”

“ಹಳೆಯದು ಒಡೆಯುತ್ತೆ ಅಪ್ಪಾ. ಪರವಾಗಿಲ್ಲ, ಚೂರುಗಳನ್ನು ಎತ್ತಬೇಡಿ. ಸುತ್ತ ನೀರು ತೊಟ್ಟಿಕ್ಕಿಸಿ, ತೇಲಲಿ. ಕುಂಚದ ತುದಿಯಿಂದ ಒಂದರ ಪಕ್ಕಕ್ಕೆ ಒಂದನ್ನು ತಳ್ಳಿ.”

ಜೀವಮಾನವೆಲ್ಲ ಹೇಳಿಕೊಟ್ಟೇ ಅಭ್ಯಾಸವಾಗಿದ್ದ ರಾಯರು ಅಂದು ಹೇಳಿಸಿಕೊಂಡರು. ದೂರವಾಣಿಯನ್ನು ಮೇಜಿನ ಮೇಲಿಟ್ಟು, ಕನ್ನಡಕ ಸರಿಪಡಿಸಿಕೊಂಡು, ಮಗ ಅಂದಂತೆ ಒಂದೊಂದೇ ಚೂರನ್ನು ಸರಿಸಿದರು. ಬಿರುಕಿನ ನಡುವೆ ಕೂದಲೆಳೆಯಷ್ಟು ಕೆಂಪು ಉಳಿಯಿತು. ಅದಕ್ಕೆ ಹಸಿರು ಬಣ್ಣವನ್ನು ಕಲಸುವ ಬಗೆಯನ್ನೂ ಮಗನೇ ಹೇಳಿದ. ಮಾತು ಅಲ್ಲಿಂದ ಹೈಲ್‌ವುಡ್‌ನ ಕಡೆಗೆ, ಆರು ಸಿಲಿಂಡರುಗಳ ಸದ್ದಿನ ಕಡೆಗೆ ಹರಿಯಿತು. ಗಡಿಯಾರದಲ್ಲಿ ನಲವತ್ತು ನಿಮಿಷ ಕಳೆದಿತ್ತು.

ಕೊನೆಗೆ ರಾಯರು, “ಆ ವರ್ಷವೇ ಇದನ್ನು ನಿನಗೆ ವಾಪಸು ಕೊಡಬೇಕಾಗಿತ್ತು” ಎಂದರು.

ಮಗ ಅದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಎಡಗಡೆಯ ಮೂರು ಕೊಳವೆಗಳನ್ನು ಅಂಟಿಸಬೇಡಿ ಅಪ್ಪಾ. ದೀಪಾವಳಿಗೆ ಬರ್ತೀನಲ್ಲ” ಎಂದ.

ಮಾದರಿ ಈಗ ನಡುಮನೆಯ ಗಾಜಿನ ಕಪಾಟಿನಲ್ಲಿದೆ. ಬಲಗಡೆ ಮೂರು ತುತ್ತೂರಿಗಳು, ಎಡಗಡೆ ಬರಿದು. ಕಿಟಕಿಯ ಬೆಳಕು ಬಿದ್ದಾಗ ಮುಂದಿನ ಹಸಿರು ಫಲಕದಲ್ಲಿ ಎರಡು ಸಣ್ಣ ಗೆರೆಗಳು ಕಾಣುತ್ತವೆ. ಬಂದವರು ಅದನ್ನು ತೋರಿಸಿ, ಇನ್ನೊಂದು ಸಲ ಬಣ್ಣ ಹಚ್ಚಬಹುದಲ್ಲ ಎಂದರೆ, ಅದು ಹಾಗೆಯೇ ಇರಲಿ ಎನ್ನುತ್ತಾರೆ ರಾಯರು. ಪಕ್ಕದ ಗೋಡೆಯ ಕ್ಯಾಲೆಂಡರಿನಲ್ಲಿ ದೀಪಾವಳಿಯ ದಿನಕ್ಕೆ ಪೆನ್ಸಿಲಿನಿಂದ ಒಂದು ಗುರುತು ಹಾಕಿದೆ.