ಕತ್ತರಿಸಿದ ವೆಲ್ಲಿಂಗ್ಟನ್

ಹೋದ ವಾರ ಹರಾಜಿನ ಕ್ಯಾಟಲಾಗೊಂದು ಕೈಗೆ ಬಂತು. ಅದರಲ್ಲಿ ವೆಲ್ಲಿಂಗ್ಟನ್ ಡ್ಯೂಕನ ಸಹಿ: ಎರಡು ಬೆರಳಗಲದ ಕಾಗದದ ಚೂರು, ಪಕ್ಕದಲ್ಲೊಂದು ಚಿತ್ರ, ಸುತ್ತ ಬಂಗಾರದ ಬಣ್ಣದ ಚೌಕಟ್ಟು. ಕೆಳಗೆ 'ಬ್ರಿಟನ್ನಿನ ಪ್ರಧಾನಿಯ ಸಹಿ' ಎಂದು ಬರೆದು, ಪ್ರಧಾನಿಗೆ ತಕ್ಕ ಬೆಲೆಯನ್ನೂ ಹಾಕಿದ್ದರು. ನೋಡಿ ಮೈ ಉರಿದುಹೋಯಿತು.

ಅದು ಪ್ರಧಾನಿಯ ಸಹಿ ಎನ್ನುವುದಕ್ಕೆ ಆಧಾರವೇನು? ಆರ್ಥರ್ ವೆಲ್ಲೆಸ್ಲಿ 1809ರಲ್ಲಿ ವೈಕೌಂಟ್ ಆದ ಮೇಲೆ 'ವೆಲ್ಲಿಂಗ್ಟನ್' ಎಂದು ಸಹಿ ಹಾಕತೊಡಗಿದ. 1852ರಲ್ಲಿ ಕಣ್ಮುಚ್ಚುವವರೆಗೂ ಅದೇ ಸಹಿ. ಪ್ರಧಾನಿಯಾಗಿದ್ದದ್ದು 1828ರ ಜನವರಿಯಿಂದ 1830ರ ನವೆಂಬರ್‌ವರೆಗೆ, ಆಮೇಲೆ 1834ರ ಕೊನೆಯಲ್ಲಿ ಮೂರು ವಾರ ಚಿಲ್ಲರೆ. ತಾರೀಖಿಲ್ಲದ ಚೂರು ಆ 43 ವರ್ಷಗಳಲ್ಲಿ ಯಾವ ದಿನದ್ದೋ! ಸಾಲದ್ದಕ್ಕೆ, ತಂದೆಯ ನಂತರ ಡ್ಯೂಕ್ ಆದ ಮಗನ ಸಹಿಯೂ 'ವೆಲ್ಲಿಂಗ್ಟನ್' ಎಂದೇ.

ನನಗೆ ಪ್ರಾಣವೆಂದರೆ ಫ್ರ್ಯಾಂಕುಗಳು, ಅಂದರೆ ಸದಸ್ಯರು ಸಹಿ ಹಾಕಿ ಪುಕ್ಕಟೆ ಕಳಿಸಿದ ಅಂಚೆಯ ಹೊದಿಕೆಗಳು. 1840ರ ಜನವರಿಯವರೆಗೆ ಪಾರ್ಲಿಮೆಂಟಿನ ಎರಡೂ ಸದನದವರಿಗೆ ಅಂಚೆ ಪುಕ್ಕಟೆ. ದಿನಕ್ಕೆ 10 ಪತ್ರ ಕಳಿಸಬಹುದು, 15 ತರಿಸಿಕೊಳ್ಳಬಹುದು. ಷರತ್ತೆಂದರೆ ವಿಳಾಸ, ಊರು, ತಾರೀಖು, ಸಹಿ ಎಲ್ಲವನ್ನೂ ಸದಸ್ಯ ಸ್ವಂತ ಕೈಯಲ್ಲೇ ಬರೆಯಬೇಕು, ದಿನವನ್ನು ಅಕ್ಷರದಲ್ಲೇ ಬರೆಯಬೇಕು. ಹೀಗಾಗಿ ಫ್ರ್ಯಾಂಕಿನಷ್ಟು ಪ್ರಾಮಾಣಿಕವಾದ ಸಹಿ ಇನ್ನೊಂದಿಲ್ಲ. ನನ್ನಲ್ಲಿರುವುದು 1834ರ ಡಿಸೆಂಬರ್ ಮೊದಲ ವಾರದ್ದು. ಮೇಲೆ ಲಂಡನ್ ಮತ್ತು ತಾರೀಖು, ನಡುವೆ ವಿಳಾಸ, ಎಡಗಡೆ ಕೆಳಮೂಲೆಯಲ್ಲಿ ಸಹಿ, ಅದಕ್ಕೆ ತಾಗಿಯೂ ತಾಗದಂತೆ ಕಿರೀಟವಿರುವ ಕೆಂಪು ಮೊಹರು. ಶಾಯಿ ಕಂದಿದೆ, ಲೇಖನಿ ಒತ್ತಿದ ಕಡೆ ಕಾಗದವನ್ನು ತುಸು ತಿಂದಿದೆ. ಆ ವಾರ, ಪ್ರಧಾನಿಯಾಗಬೇಕಿದ್ದ ಪೀಲ್ ಇಟಲಿಯಿಂದ ಇನ್ನೂ ವಾಪಸಾಗಿರಲಿಲ್ಲ. ಅವನು ಬರುವವರೆಗೆ ಪ್ರಧಾನಿ ಕೆಲಸದ ಜೊತೆಗೆ ಗೃಹ, ವಿದೇಶಾಂಗ, ಯುದ್ಧ ಖಾತೆಗಳೂ ಡ್ಯೂಕನ ಹೆಗಲ ಮೇಲಿದ್ದವು. ಇಡೀ ಸರ್ಕಾರವೇ ಕೂತು ವಿಳಾಸ ಬರೆದಂತಾಯಿತು! ಇದೆಲ್ಲ ತಿಳಿಯುವುದು ತಾರೀಖಿನಿಂದ. ಆಲ್ಬಮ್ಮಿನವರು ಮೊದಲು ಕತ್ತರಿಸಿ ಎಸೆಯುವುದು ಅದನ್ನೇ.

'ಜಾಗ ಉಳಿಯುತ್ತದೆ, ಗೋಡೆಗೆ ಚೆನ್ನಾಗಿ ಕಾಣುತ್ತದೆ' ಎನ್ನುತ್ತಾರೆ. ಗೋಡೆ ಚೆನ್ನಾಗಿ ಕಾಣಬೇಕಾದರೆ ಸುಣ್ಣ ಬಳಿಸಲಿ. ಪತ್ರ ಇಡಿಯಾಗಿದ್ದರೆ ಬೆಳಕಿಗೆ ಹಿಡಿದು ವಾಟರ್‌ಮಾರ್ಕ್ ನೋಡಬಹುದು. 1794ರಿಂದ ಇಂಗ್ಲಿಷ್ ಕಾಗದದವರು ಅದರಲ್ಲಿ ವರ್ಷ ಹಾಕುವುದನ್ನು ರೂಢಿ ಮಾಡಿಕೊಂಡಿದ್ದರು. ಪತ್ರದ ತಾರೀಖಿಗಿಂತ ಕಾಗದದ ವರ್ಷ ಈಚಿನದಾದರೆ ಖೋಟಾ, ಬೇರೆ ಮಾತೇ ಬೇಡ. ಕತ್ತರಿಸಿದ ಚೂರಿನಲ್ಲಿ ಏನು ನೋಡುವುದು? ಇದು ಸಂಗ್ರಹವಲ್ಲ, ಕಸಾಯಿಖಾನೆ. ಇಂಥ ಚೂರಿಗೆ ಬೆಲೆ ಕಟ್ಟುವವರೂ ಕತ್ತರಿ ಹಿಡಿದವರ ಪಾಲುದಾರರೇ.

ಅವರ ಲೆಕ್ಕದಲ್ಲಿ ವಾಟರ್‌ಲೂ ಹೆಸರಿದ್ದರೆ ಎಲ್ಲಕ್ಕಿಂತ ಹೆಚ್ಚು ಬೆಲೆ, ಪ್ರಧಾನಿಯದ್ದು ಅದರ ಕೆಳಗೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕೂ ಮೇಲೆ ನಿಲ್ಲುವುದು ಶ್ರೀರಂಗಪಟ್ಟಣದಿಂದ ಬರೆದ ಪತ್ರಗಳು. 1799ರಲ್ಲಿ ಟಿಪ್ಪು ಸತ್ತ ಮೇಲೆ ಅಲ್ಲಿಯ ಅಧಿಕಾರ ವೆಲ್ಲೆಸ್ಲಿಗೆ ಬಂತು. ದರಿಯಾ ದೌಲತ್‌ನಲ್ಲಿ ವಾಸವೂ ಆಯಿತು. ಆಗಿನ ಸಹಿ 'ಆರ್ಥರ್ ವೆಲ್ಲೆಸ್ಲಿ'. ಅದಕ್ಕೂ ಹಿಂದೆ, 1798ರವರೆಗೆ, 'ವೆಸ್ಲಿ' ಎಂದಷ್ಟೇ. ಆ ಕಾಲದ ಪತ್ರಗಳ ತುಂಬ ಎತ್ತು, ಅಕ್ಕಿ, ಸಾಗಣೆ, ದಾರಿ. ಸೈನ್ಯ ಯಾವ ಹೊಳೆಯನ್ನು ಎಂದು ದಾಟೀತು ಎನ್ನುವುದು ಎತ್ತುಗಳ ಮೇಲೆ ನಿಂತಿತ್ತು. 1800ರಲ್ಲಿ ಬಂಡಾಯಗಾರ ದೋಂಡಿಯಾ ವಾಘನನ್ನು ಬೆನ್ನಟ್ಟಿ ಸೆಪ್ಟೆಂಬರಿನಲ್ಲಿ ಕೊಂದು ಮುಗಿಸಿದ ಮೇಲೆ, ಸಾಮಾನು ಸರಂಜಾಮಿನ ನಡುವೆ ದೋಂಡಿಯನ ಮಗು ಸಲಾಬತ್ ಖಾನ್ ಸಿಕ್ಕಿತು. ವೆಲ್ಲೆಸ್ಲಿ ಅದನ್ನು ತಾನೇ ನೋಡಿಕೊಂಡ, ಭಾರತ ಬಿಡುವಾಗ ಅದರ ಖರ್ಚಿಗೆ ಹಣವನ್ನೂ ಇಟ್ಟುಹೋದ. ಅಂಥ ವರ್ಷದ ಪತ್ರದ ಬುಡದಿಂದ ಸಹಿಯನ್ನಷ್ಟೇ ಕತ್ತರಿಸಿಕೊಳ್ಳುವ ಮನಸ್ಸಾದರೂ ಹೇಗೆ ಬರುತ್ತದೋ!

ಡ್ಯೂಕನ ಮನೆಯ ಕಾಗದಪತ್ರಗಳಲ್ಲಿ ಹೆಚ್ಚಿನವು 1983ರಿಂದ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿವೆ. ಹೊರಗೆ ಉಳಿದವುಗಳಲ್ಲಿ ಕೆಲವು ನಮ್ಮಂಥವರ ಕೈಯಲ್ಲಿವೆ. ಎತ್ತುಗಳ ಲೆಕ್ಕವಿರುವ ಶ್ರೀರಂಗಪಟ್ಟಣದ ಪತ್ರವೊಂದು ಇಡಿಯಾಗಿ, ಮಡಿಕೆ ಹರಿದಿದ್ದರೂ ಸರಿ, ಯಾರ ಬಳಿಯಾದರೂ ಇದ್ದರೆ ನನ್ನ 1834ರ ಫ್ರ್ಯಾಂಕನ್ನು ಕೊಟ್ಟು, ಮೇಲೆ ಹಣವನ್ನೂ ಕೊಟ್ಟು ತೆಗೆದುಕೊಳ್ಳುತ್ತೇನೆ.