ಎಡಕ್ಕೆ ವಾಲಿದ ತಂಬೂರಿ

ಡೊಂಬಿವಲಿ ಪೂರ್ವದಲ್ಲಿ ನಮ್ಮದು ಎರಡು ಕೋಣೆಗಳ ಮನೆ. ಗೋಡೆಯಾಚೆಯವರ ಕುಕ್ಕರ್ ಎಷ್ಟು ಸೀಟಿ ಹಾಕಿತೆಂದು ನಾವು ಕುಳಿತಲ್ಲೇ ಎಣಿಸಬಹುದು. ನಮ್ಮ ಮಾತು ಅವರಿಗೆ ಎಷ್ಟು ಕೇಳಿಸುತ್ತದೆಂದು ವಿಚಾರಿಸುವ ಧೈರ್ಯ ಮಾಡಿಲ್ಲ. ಇಂಥ ಮನೆಯಲ್ಲಿ ಸಂಗೀತದ ಹುಚ್ಚಿರುವವನು ಆಳೆತ್ತರದ ಸ್ಪೀಕರುಗಳ ಕನಸು ಕಾಣಬಾರದು. ಕಂಡರೂ ಅವನ್ನಿಡಲು ಜಾಗವಿಲ್ಲ, ಇಟ್ಟರೂ ನುಡಿಸಲು ಹೊತ್ತಿಲ್ಲ. ಹಾಗಾಗಿ ಹೆಡ್‌ಫೋನು ನನ್ನ ಪಾಲಿಗೆ ಈ ಮನೆಯ ಮೂರನೆಯ ಕೋಣೆಯಾಯಿತು.

ಆ ಕೋಣೆಯಲ್ಲಿ ಕುಳಿತು ನಾನು ಮುಖ್ಯವಾಗಿ ಕೇಳಬಯಸಿದ್ದು ಒಂದು ಹಳೆಯ ಕ್ಯಾಸೆಟ್ಟನ್ನು. ಎಂಬತ್ತರ ದಶಕದ ಒಂದು ಸಂಜೆ, ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ, ಆಕಾಶವಾಣಿಯಿಂದ ಬಿತ್ತರವಾಗುತ್ತಿದ್ದ ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ನಮ್ಮ ತಂದೆ ಮುದ್ರಿಸಿಕೊಂಡಿದ್ದರು. ರೇಡಿಯೋದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಎಲ್ಲರಿಗೂ ಸುಮ್ಮನಿರುವಂತೆ ಕಣ್ಸನ್ನೆ ಮಾಡಿ ಗುಂಡಿ ಒತ್ತುವುದೇ ನಮ್ಮ ಮನೆಯ ಮುದ್ರಣ ಪದ್ಧತಿ. ರಾಗದ ಹೆಸರನ್ನು ಅವರು ಬರೆದಿಟ್ಟಿರಲಿಲ್ಲ. ಚೀಟಿಯ ಮೇಲೆ ‘ಮಲ್ಲಿಕಾರ್ಜುನ, ಸಂಜೆ’ ಎಂದಷ್ಟೇ ಇತ್ತು. 1988ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಮುಂಬಯಿಗೆ ಹೊರಟಾಗ ಅದನ್ನು ನನ್ನ ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಇಟ್ಟವರೂ ಅವರೇ. 1992ರ ಸೆಪ್ಟೆಂಬರಿನಲ್ಲಿ ಮನ್ಸೂರರು ತೀರಿಕೊಂಡರು; ನಾಲ್ಕು ವರ್ಷಗಳ ಬಳಿಕ ತಂದೆಯೂ ಹೋದರು. ಕ್ಯಾಸೆಟ್ಟು ಉಳಿಯಿತು. ಮುಂದೆ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ.

ಆ ಮುದ್ರಿಕೆಯಲ್ಲಿ ನನ್ನನ್ನು ಕಾಡುತ್ತಿದ್ದುದು ಕಂಠದಷ್ಟೇ ಹಿಂದಿನ ತಂಬೂರಿ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಎಳೆನೂಲನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ನಾದವು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಜವಾರಿ ಎನ್ನುತ್ತಾರೆ. ಜವಾರಿ ಎಂದರೆ ಸೌತೆಕಾಯಿ, ಮೆಣಸಿನಕಾಯಿಗಳನ್ನೇ ಮೊದಲು ನೆನೆಯುವ ನಮ್ಮ ಕಡೆಯವರಿಗೂ ಆ ಮಾತು ಒಪ್ಪುತ್ತದೆ: ಅದೂ ನೆಲದ ರುಚಿಯೇ. ಆ ಎಳೆಗಳನ್ನು ಒಂದೂ ಬಿಡದೆ ಕೇಳಬೇಕೆಂಬ ಆಸೆಯಿಂದ ನಾನು ಈ ಹವ್ಯಾಸಕ್ಕೆ ಇಳಿದೆ.

ಇಳಿದ ಮೇಲೆ ಜೊತೆಗಾರರು ಸಿಕ್ಕರು. ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲೊಬ್ಬರು, ಕಲ್ಯಾಣದಲ್ಲಿಬ್ಬರು, ನವಿ ಮುಂಬಯಿಯ ಖಾರ್‌ಘರ್‌ನಲ್ಲೊಬ್ಬರು. ಭಾನುವಾರಗಳಂದು ಯಾರಾದರೊಬ್ಬರ ಮನೆಯಲ್ಲಿ ಸೇರಿ, ಚಹಾ ಆರಿಹೋದರೂ ಗಮನಿಸದೆ, ಒಬ್ಬರ ಹೆಡ್‌ಫೋನನ್ನು ಇನ್ನೊಬ್ಬರ ಆಂಪ್ಲಿಫೈಯರಿಗೆ ಸಿಕ್ಕಿಸಿ ಕೇಳುತ್ತಿದ್ದೆವು. ಅಲ್ಲಿ ಕಲಿತ ಮೊದಲ ಪಾಠ, ಮೊದಲ ಐದು ನಿಮಿಷಗಳನ್ನು ನಂಬಬಾರದು ಎಂಬುದು. ತಾರಕವನ್ನು ಮಿನುಗಿಸುವ ಹೆಡ್‌ಫೋನು ಅಂಗಡಿಯಲ್ಲಿ ಗೆಲ್ಲುತ್ತದೆ, ಮನೆಗೆ ಬಂದ ಮೇಲೆ ಅರ್ಧ ಗಂಟೆಗೆ ತಲೆನೋವು ತರಿಸುತ್ತದೆ. ಎರಡನೆಯ ಪಾಠ, ಬಲ್ಲ ಕಂಠದಿಂದಲೇ ಪರೀಕ್ಷೆ ಶುರುಮಾಡಬೇಕು: ಸಿನಿಮಾದ ಗುಡುಗು ಹೇಗಿರಬೇಕೆಂದು ನಮಗೆ ತಿಳಿಯದು, ಮನುಷ್ಯನ ದನಿ ಹೇಗಿರಬೇಕೆಂದು ತಿಳಿದಿದೆ. ಮೂರನೆಯದು, ಸವೆದ ಭಾಗಗಳು ಬಿಡಿಯಾಗಿ ಸಿಗಬೇಕು. ಹೀಗೆ ಅಳೆದೂ ಸುರಿದೂ ಕೊನೆಗೆ ಕೊಂಡದ್ದು 1997ರಿಂದ ತಯಾರಾಗುತ್ತಿರುವ ಸೆನ್‌ಹೈಸರ್ ಎಚ್‌ಡಿ 600. ಹಿಂಬದಿ ತೆರೆದ ಮಾದರಿ. ಅದೇ ಕಂಪೆನಿ 1968ರಲ್ಲಿ ಎಚ್‌ಡಿ 414ರಿಂದ ಆರಂಭಿಸಿದ ಪರಂಪರೆಯದು. ಮುಚ್ಚಿದ ಮಾದರಿಗಳಲ್ಲಿ ನಾದ ಡಬ್ಬಿಯೊಳಗೆ ತಿರುಗಿದಂತಿರುತ್ತದೆ, ತೆರೆದದ್ದರಲ್ಲಿ ಗಾಳಿಯಾಡುತ್ತದೆ. ಹೊರಗಿನ ಕುಕ್ಕರಿನ ಸೀಟಿಯೂ ಒಳಗೆ ಬರುತ್ತದೆಂಬುದು ಬೇರೆ ಮಾತು.

ಅದರ ಇಂಪೀಡೆನ್ಸ್ 300 ಓಮ್. ಅಂದರೆ ಮೊಬೈಲಿನ ಸಣ್ಣ ವೋಲ್ಟೇಜಿಗೆ ಅದು ಪೂರ್ತಿ ಎಚ್ಚರಗೊಳ್ಳುವುದಿಲ್ಲ. ಬೇರೆಯ ಆಂಪ್ಲಿಫೈಯರ್ ಬೇಕು. ಇಲ್ಲಿಂದ ಮುಂದೆ ನನ್ನ ಬುದ್ಧಿ ಮಂಕಾಯಿತೆನ್ನಬೇಕು. ಹಿತವಾಗಿ ಕೇಳಲು ಆ ಹೆಡ್‌ಫೋನಿಗೆ ಬೇಕಾದ ಶಕ್ತಿ ಒಂದು ಮಿಲಿವ್ಯಾಟಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಹತ್ತು ಡೆಸಿಬೆಲ್ ಏರಿಸಲು ಹತ್ತುಪಟ್ಟು ಶಕ್ತಿ ಬೇಕೆಂಬ ಲೆಕ್ಕ ಹಿಡಿದು ಗಾಯನದ ಉತ್ಕಟ ಕ್ಷಣಗಳಿಗೆ ಎಡೆಬಿಟ್ಟರೂ ಸಾಧಾರಣ ಯಂತ್ರವೊಂದು ಸಾಕು. ಆದರೂ ಒಂದು ಕೊಂಡೆ, ಅದನ್ನು ಮಾರಿ ಇನ್ನೊಂದು, ಆಮೇಲೆ ಮತ್ತೊಂದು. ಪ್ರತಿಯೊಂದರ ಗುಣಾವಗುಣಗಳನ್ನೂ ಒಂದು ನೋಟುಬುಕ್ಕಿನಲ್ಲಿ ನಿಮಿಷಗಳ ಲೆಕ್ಕದಲ್ಲಿ ಬರೆದಿಡುತ್ತ ಹೋದೆ. ಹೆಂಡತಿ ಆ ಪುಸ್ತಕಕ್ಕೆ ‘ಚಿತ್ರಗುಪ್ತನ ವಹಿ’ ಎಂದು ಹೆಸರಿಟ್ಟಳು.

ಯಂತ್ರಗಳನ್ನು ಬದಲಿಸಲು ನನಗೆ ಒಂದು ಕಾರಣವಿತ್ತು. ತಂದೆಯ ಮುದ್ರಿಕೆ ಮೋನೋ. ಎರಡೂ ಕಿವಿಗೆ ಒಂದೇ ಸಂಕೇತ ಹೋಗುವುದರಿಂದ ನಾದ ತಲೆಯ ನಟ್ಟನಡುವೆ ನಿಲ್ಲಬೇಕು. ಹೊಸದರಲ್ಲಿ ಹಾಗೆಯೇ ನಿಂತಿತ್ತು. ವರ್ಷಗಳು ಕಳೆದಂತೆ ತಂಬೂರಿ ಮೆಲ್ಲಗೆ ಎಡಕ್ಕೆ ಸರಿಯತೊಡಗಿತು. ಮನ್ಸೂರರು ನಡುವೆಯೇ ಕುಳಿತಿರುವರು, ತಂಬೂರಿಯವರು ಮಾತ್ರ ಕಿಟಕಿಯ ಕಡೆಗೆ ಜರುಗಿರುವರು. ಅಗ್ಗದ ವಾಲ್ಯೂಮ್ ಗುಂಡಿಗಳಲ್ಲಿ ಕೆಳಹಂತದಲ್ಲಿ ಎಡಬಲಗಳು ಸಮವಾಗಿರುವುದಿಲ್ಲ. ಗುಂಡಿಯನ್ನು ಮೇಲೇರಿಸಿದಂತೆ ದೋಷ ತಗ್ಗುತ್ತದೆ. ನಾನು ಏರಿಸಿದೆ, ತಗ್ಗಲಿಲ್ಲ. ತಂತಿ ಬದಲಿಸಿದೆ, ಕಿವಿದಿಂಬು ಬದಲಿಸಿದೆ, ಯಂತ್ರ ಬದಲಿಸಿದೆ. ಒಂದು ಪರೀಕ್ಷೆ ಮಾತ್ರ ಹೊಳೆಯಲಿಲ್ಲ. ಹೊಳೆಯುವುದು ಬೇಡವೆಂದೇ ಹೊಳೆಯಲಿಲ್ಲವೇನೋ.

ಕೊನೆಗೆ ಆಂಪ್ಲಿಫೈಯರನ್ನೂ ಹೆಡ್‌ಫೋನನ್ನೂ ಚೀಲದಲ್ಲಿಟ್ಟುಕೊಂಡು ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಓಣಿಯೊಳಗಿನ ಚಿಕ್ಕ ಅಂಗಡಿ, ನನಗಿಂತ ಹಿರಿಯ ಮೆಕ್ಯಾನಿಕ್. ನನ್ನ ದೂರನ್ನೆಲ್ಲ ಕೇಳಿ ಅವರು ಸ್ಕ್ರೂಡ್ರೈವರನ್ನೂ ಎತ್ತಿಕೊಳ್ಳಲಿಲ್ಲ. ಹಾಡು ನಡೆಯುತ್ತಿರುವಾಗಲೇ ನನ್ನ ತಲೆಯಿಂದ ಹೆಡ್‌ಫೋನನ್ನು ತೆಗೆದು, ಹಿಂದುಮುಂದು ಮಾಡಿ, ಎಡದ್ದು ಬಲಕ್ಕೆ ಬರುವಂತೆ ತೊಡಿಸಿದರು. ದೋಷ ಯಂತ್ರದಲ್ಲಿದ್ದರೆ ತಂಬೂರಿ ಈಗ ಬಲಕ್ಕೆ ಬರಬೇಕಿತ್ತು. ಅದು ಎಡದಲ್ಲೇ ಇತ್ತು.

“ಸಾಹೇಬ, ಮಶೀನ್ ಠೀಕ್ ಆಹೇ. ಕಾನ್ ದಾಖವೂನ್ ಘ್ಯಾ” ಎಂದರು. ಯಂತ್ರ ಸರಿಯಿದೆ, ಕಿವಿ ತೋರಿಸಿಕೊಳ್ಳಿ. ಹಣ ಕೊಡಹೋದರೆ ಕೈಯಾಡಿಸಿ ಬೇಡವೆಂದರು.

ಹಿಂದಿರುಗುವಾಗ ಲೋಕಲ್ಲಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು. ಈ ಹಾದಿಯಲ್ಲಿ ನಾನು ಮೂವತ್ತು ವರ್ಷ ಓಡಾಡಿದವನು. ಆಗ ನಮ್ಮ ಫಾಸ್ಟ್ ಗಾಡಿಗಳು ಥಾಣೆ ದಾಟಿದ ಮೇಲೆ 1916ರ ಪಾರಸಿಕ್ ಸುರಂಗವನ್ನು ಹೊಕ್ಕು ಹೋಗುತ್ತಿದ್ದವು. ಒಂದೂಕಾಲು ಕಿಲೋಮೀಟರಿಗೂ ಮಿಕ್ಕಿದ ಆ ಕತ್ತಲೆಯಲ್ಲಿ, ತೆರೆದ ಬಾಗಿಲುಗಳ ನಡುವೆ, ಪಕ್ಕದವನ ಮಾತೂ ಕೇಳಿಸುತ್ತಿರಲಿಲ್ಲ. ಅಲ್ಲಿ ಹಾಡು ಕೇಳಿಸಲೆಂದು ಸದ್ದು ಏರಿಸುತ್ತಿದ್ದೆ; ಡೊಂಬಿವಲಿಯಲ್ಲಿ ಇಳಿದಾಗಲೂ ಅದು ಏರಿದ ಮಟ್ಟದಲ್ಲೇ ಇರುತ್ತಿತ್ತು. ಡಬ್ಬಿಯ ಗೆಳೆಯರ ಮಾತಿಗೆಂದು ಎಡಗಿವಿಯನ್ನು ಬಿಟ್ಟು, ಇಯರ್‌ಫೋನಿನ ಒಂದೇ ತುದಿಯನ್ನು ಬಲಗಿವಿಗೆ ತುರುಕಿಕೊಳ್ಳುವುದು ನನ್ನ ರೂಢಿ. 85 ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಮಿತಿಯಾದರೆ, ಪ್ರತಿ ಮೂರು ಡೆಸಿಬೆಲ್ಲಿಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ; 94ಕ್ಕೆ ಉಳಿಯುವುದು ಒಂದೇ ಗಂಟೆ. ಮಿಲಿವ್ಯಾಟುಗಳನ್ನು ಲೆಕ್ಕ ಹಾಕಿದ ನಾನು ಈ ಲೆಕ್ಕವನ್ನು ಒಮ್ಮೆಯೂ ಹಾಕಿರಲಿಲ್ಲ.

ಕಿವಿಯ ವೈದ್ಯರು ಪರೀಕ್ಷೆ ಮಾಡಿಸಿ ನಕ್ಷೆಯನ್ನು ಮುಂದಿಟ್ಟರು. ಬಲಗಿವಿಯ ಗೆರೆ 2000 ಹರ್ಟ್ಸ್‌ವರೆಗೆ ಸಮನಾಗಿ ಬಂದು 4000ದ ಬಳಿ ಹಳ್ಳಕ್ಕೆ ಇಳಿದಿತ್ತು. ಹೆಚ್ಚಿನ ಸದ್ದಿಗೆ ಒಡ್ಡಿಕೊಂಡ ಕಿವಿಗಳಲ್ಲಿ ಹಳ್ಳ ಬೀಳುವುದು ಸಾಮಾನ್ಯವಾಗಿ ಅಲ್ಲೇ ಎಂದರು. ವಯಸ್ಸೂ ಸೇರಿರಬಹುದು, ಇಂಥದೇ ಕಾರಣವೆಂದು ಬರೆದುಕೊಡಲಾಗದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಹೋದರೆ ಮತ್ತೆ ಚಿಗುರುವುದಿಲ್ಲ, ಇದ್ದುದನ್ನು ಕಾಪಾಡಿಕೊಳ್ಳಿ ಎಂದೂ ಹೇಳಿದರು. ತಂಬೂರಿಯ ಮೇಲಿನ ಎಳೆಗಳು ಮಿನುಗುವುದೂ ಸರಿಸುಮಾರು ಆ ಎತ್ತರದಲ್ಲಿಯೇ.

ಐರೋಲಿಯಲ್ಲಿ ಕೆಲಸಕ್ಕಿರುವ ಮಗಳು ಆ ವಾರ ಮನೆಗೆ ಬಂದಾಗ, ಉಳಿದಿದ್ದ ಎರಡು ಆಂಪ್ಲಿಫೈಯರುಗಳನ್ನು ಇತ್ಯರ್ಥ ಮಾಡೋಣವೆಂದೆ. ಎರಡರ ಮಟ್ಟವನ್ನೂ ಸಮ ಮಾಡದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಕೂದಲೆಳೆಯಷ್ಟು ಜೋರಾಗಿರುವುದೇ ಉತ್ತಮವೆಂದು ತೋರುತ್ತದೆ. ಮಲ್ಟಿಮೀಟರಿನಿಂದ ವೋಲ್ಟೇಜನ್ನು ಶೇಕಡಾ ಒಂದರ ಅಂತರದೊಳಗೆ ತಂದೆವು. ಅಗ್ಗದ ಮೀಟರು ಎತ್ತರದ ಸ್ವರಗಳಲ್ಲಿ ತಪ್ಪು ತೋರಿಸಬಹುದೆಂದು 50 ಹರ್ಟ್ಸಿನ ನಾದವನ್ನೇ ಬಳಸಿದೆವು. ಆಮೇಲೆ ನಾನು ಬೆನ್ನು ತಿರುಗಿಸಿ ಕುಳಿತೆ. ನಾಣ್ಯ ಚಿಮ್ಮಿ ಅವಳು ಸಿಕ್ಕಿಸಿದ್ದು ಯಾವುದೆಂದು ಹದಿನಾರು ಸಲ ನಾನು ಹೇಳಬೇಕು. 12 ಸರಿಯಾದರೆ ಕಿವಿಗೆ ವ್ಯತ್ಯಾಸ ತಿಳಿಯುತ್ತಿದೆಯೆಂದು ಒಪ್ಪಬಹುದು. ನನ್ನದು 9 ಸರಿಯಾಯಿತು. ನಾಣ್ಯವೂ ಅಷ್ಟನ್ನು ಹೇಳುತ್ತಿತ್ತು. ದುಬಾರಿಯದನ್ನು ಮಾರಿದೆ.

ಆ ದಿನವೇ ಅವಳು, ಅಷ್ಟು ದುಡ್ಡು ಹಾಕಿ ಕೇಳುತ್ತಿದ್ದುದೇನೆಂದು ನೋಡುತ್ತೇನೆಂದು ಹೆಡ್‌ಫೋನು ತೊಟ್ಟಳು. ತಂದೆಯ ಮುದ್ರಿಕೆ ಹಾಕಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದವಳು ತಟ್ಟನೆ, “ಅಪ್ಪಾ, ಇಲ್ಲೆ ಯಾರೋ ಒಗ್ಗರಣಿ ಹಾಕ್ಲಿಕ್ಕತ್ತಾರ” ಎಂದಳು.

ಚಿತ್ರಗುಪ್ತನ ವಹಿಯನ್ನು ತೆಗೆದೆ. ವರ್ಷಗಳ ಹಿಂದಿನ ಪುಟದಲ್ಲಿ ನನ್ನದೇ ಅಕ್ಷರ: ‘7ನೆಯ ನಿಮಿಷ, ಚಟಚಟ ಸದ್ದು. ಟೇಪಿನ ದೋಷ. ಎರಡನೆಯ ಆಂಪ್ಲಿಫೈಯರಿನಲ್ಲಿ ಕಡಿಮೆ. ಆದ್ದರಿಂದ ಇದೇ ಉತ್ತಮ.’ ಮೀಡಿಯಂ ವೇವ್ ರೇಡಿಯೋ ಎತ್ತರದ ನಾದಗಳನ್ನು ಹೆಚ್ಚು ಹೊತ್ತು ತರುವುದಿಲ್ಲ. ಆದರೆ ತಂದೆಯ ಟೇಪ್‌ರೆಕಾರ್ಡರಿನ ಮೈಕು ರೇಡಿಯೋವನ್ನು ಮಾತ್ರವಲ್ಲ, ಇಡೀ ಮನೆಯನ್ನೇ ಕೇಳಿಸಿಕೊಂಡಿತ್ತು. ರೇಡಿಯೋ ಇದ್ದ ಕಪಾಟಿನಿಂದ ಅಡುಗೆಮನೆಗೆ ಹತ್ತು ಹೆಜ್ಜೆ. ಸುಮ್ಮನಿರೆಂದು ಕಣ್ಸನ್ನೆ ಮಾಡಿದರೂ ಸಾಸಿವೆ ಸಿಡಿಯುವುದನ್ನು ಅವ್ವ ಹೇಗೆ ತಡೆದಾಳು?

ಒಂದು ಬಟ್ಟಲನ್ನಷ್ಟೇ ಎಡಗಿವಿಗೆ ಹಿಡಿದು, ಸದ್ದು ಏರಿಸದೆ, ಏಳನೆಯ ನಿಮಿಷವನ್ನು ಮತ್ತೆ ಕೇಳಿದೆ. ಸಾಸಿವೆ, ಅದರ ಹಿಂದೆಯೇ ಕರಿಬೇವಿನ ಸುಂಯ್, ಮೇಲೆ ತಟ್ಟೆ ಮುಚ್ಚಿದ್ದು. ಎಳೆಎಳೆಯೂ ಅಲ್ಲೇ ಇತ್ತು.

ಆ ಪುಟವನ್ನು ಮಗಳಿಗೆ ಓದಿ ಹೇಳಿದೆ. ಕನ್ನಡ ಅವಳಿಗೆ ಮಾತಿಗೆ ಬರುತ್ತದೆ, ಅಕ್ಷರಕ್ಕೆ ಬರುವುದಿಲ್ಲ. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ‘ಟೇಪಿನ ದೋಷ’ ಎಂದಿದ್ದುದನ್ನು ನನಗೆ ತೋರಿಸಲು ಹೇಳಿ, ಅದನ್ನು ಹೊಡೆದುಹಾಕಿ, ಮೇಲೆ ದೇವನಾಗರಿಯಲ್ಲಿ ‘ಅಜ್ಜಿ’ ಎಂದು ಬರೆದಳು.