ಕೆಲಸ ಬಿಟ್ಟ ಕಾರಣ

16 ಸೆಪ್ಟೆಂಬರ್ 2008, ಮಂಗಳವಾರ

ಇವತ್ತೂ ಕ್ಲಾಸಿಗೆ ತಡ. ಐದೂವರೆಗೆ ಫ್ಯಾಕ್ಟರಿ ಬಿಟ್ಟರೂ ಮೈಸೂರು ರಸ್ತೆಯಲ್ಲಿ ಬಸ್ಸು ನಾಯಂಡಹಳ್ಳಿ ದಾಟುವ ಹೊತ್ತಿಗೆ ಆರೂಕಾಲು. ಒಳಗೆ ಹೋದರೆ ಮೇಷ್ಟ್ರು ಕಾಸ್ಟಿಂಗ್ ಪಾಠ ಬದಿಗಿಟ್ಟು ಬೋರ್ಡಿನ ಮೇಲೆ ‘ಲೆಹ್ಮನ್ ಬ್ರದರ್ಸ್’ ಎಂದು ಬರೆದಿದ್ದರು. 1850ರಿಂದ ಇದ್ದ ಬ್ಯಾಂಕು ನಿನ್ನೆ ದಿವಾಳಿ ಅರ್ಜಿ ಹಾಕಿತಂತೆ. ತೀರಿಸಲಾಗದವರಿಗೆ ಮನೆ ಸಾಲ ಕೊಟ್ಟು, ಆ ಸಾಲದ ಪತ್ರಗಳನ್ನೇ ಕಟ್ಟು ಕಟ್ಟಿ ಮಾರಿದ ಕಥೆ ಹೇಳಿದರು. ನಮ್ಮ ಷರ್ಟುಗಳು ಹೋಗುವುದೂ ಅಮೆರಿಕಕ್ಕೇ ಅಲ್ಲವೇ ಎಂದು ಒಂದು ಗಳಿಗೆ ಅನ್ನಿಸಿತು. ಬ್ಯಾಂಕಿಗೂ ಷರ್ಟಿಗೂ ಎಲ್ಲಿಯ ನಂಟು ಎಂದು ಸುಮ್ಮನಾದೆ.

8 ಅಕ್ಟೋಬರ್, ಬುಧವಾರ

ಆಯುಧಪೂಜೆ. ಕಾಲರ್ ಹೊಲಿಯುವ ಅಕ್ಕ (ಎಲ್ಲರಿಗೂ ಅವಳು ಕಾಲರ್ ಅಕ್ಕನೇ) ತನ್ನ ಮಷಿನ್ನಿಗೆ ಮನೆಯಿಂದಲೇ ಸೇವಂತಿಗೆ ಮಾಲೆ ಕಟ್ಟಿ ತಂದಿದ್ದಳು. ಸೂಜಿಯ ಕೆಳಗಿನ ಪಟ್ಟಿಯ ಮೇಲೆ ಕುಂಕುಮದ ಬೊಟ್ಟು ಇಟ್ಟು, ಎರಡು ಬೆರಳಿನಿಂದ ಚಕ್ರವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ ಕಣ್ಣಿಗೊತ್ತಿಕೊಂಡಳು. ಗಂಟೆಗೆ ಇಷ್ಟು ಪೀಸ್ ಎಂದು ದಿನವಿಡೀ ಓಡುವ ಚಕ್ರ ಅಷ್ಟು ನಿಧಾನಕ್ಕೆ ತಿರುಗಿದ್ದನ್ನು ನಾನು ಕಂಡಿದ್ದು ಇವತ್ತೇ. ಕಡಲೆಪುರಿ ಹಂಚಿದರು. ಸ್ವೀಟ್ ಬಾಕ್ಸ್ ಈ ಸಲ ಇಲ್ಲ.

14 ನವೆಂಬರ್, ಶುಕ್ರವಾರ

ಓ.ಟಿ. ಪೂರ್ತಿ ನಿಂತಿದೆ. ಎರಡು ಲೈನ್ ಖಾಲಿ. ಜನವರಿಯಲ್ಲಿ 39 ರೂಪಾಯಿ ಇದ್ದ ಡಾಲರ್ ಈಗ 49ರ ಹತ್ತಿರ. ರೂಪಾಯಿ ಇಳಿದರೆ ರಫ್ತುದಾರನಿಗೆ ಲಾಭ ಎಂದು ಪುಸ್ತಕದಲ್ಲಿದೆ, ಪರೀಕ್ಷೆಯಲ್ಲೂ ಹಾಗೆಯೇ ಬರೆದು ಬಂದಿದ್ದೇನೆ. ಕೊಳ್ಳುವವನೇ ಇಲ್ಲದಿದ್ದರೆ? ಮೇಷ್ಟ್ರನ್ನು ಕೇಳಿದೆ. “ಅದನ್ನೇ ರಿಸೆಷನ್ ಅನ್ನೋದಮ್ಮ” ಎಂದರು.

ನನ್ನ ಸಂಬಳ 4,500. ಪರೀಕ್ಷೆ ಫೀಸಿಗೆಂದು ತಿಂಗಳಿಗೆ ಇನ್ನೂರು ಎತ್ತಿಡುತ್ತಿದ್ದೆ. ಊರಲ್ಲಿ ಅಪ್ಪನಿಗೆ ಜ್ವರ ಬಂದಾಗ ಅದೂ ಹೋಯಿತು. ಆಡಿಟಿಂಗ್ ಪುಸ್ತಕ ನಾನೂ ಕ್ಲಾಸಿನ ಗೆಳತಿಯೂ ಸೇರಿ ಕೊಂಡೆವು. ಸೋಮವಾರದಿಂದ ಬುಧವಾರದವರೆಗೆ ನನ್ನ ಹತ್ತಿರ, ಉಳಿದ ದಿನ ಅವಳ ಹತ್ತಿರ.

8 ಜನವರಿ 2009, ಗುರುವಾರ

ಕ್ಲಾಸಿನ ತುಂಬ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಮಾತು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬಾಕಿ 5,361 ಕೋಟಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಕಂಪನಿಯ ಅಧ್ಯಕ್ಷ ರಾಮಲಿಂಗರಾಜು ನಿನ್ನೆ ತಾವೇ ಪತ್ರ ಬರೆದು ಒಪ್ಪಿಕೊಂಡಿದ್ದಾರೆ. ಬ್ಯಾಂಕಿನಿಂದಲೇ ನೇರವಾಗಿ ದೃಢೀಕರಣ ತರಿಸಿಕೊಳ್ಳಬೇಕು ಎಂಬುದು ನಮ್ಮ ಪುಸ್ತಕದ ಮೊದಮೊದಲ ಪಾಠಗಳಲ್ಲೇ ಇದೆ. ಇಲ್ಲದ್ದನ್ನು ಇದೆ ಎಂದು ಅಂದವಾಗಿ ಬರೆದಿಟ್ಟರೆ ಎಷ್ಟು ವರ್ಷ ನಡೆದುಬಿಡುತ್ತದೆ! ಹೊಟ್ಟೆಯಲ್ಲಿ ಏನೋ ಸಂಕಟವಾಯಿತು.

21 ಫೆಬ್ರವರಿ, ಶನಿವಾರ

ಬರೆಯಲೇಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಆಫೀಸಿನಲ್ಲಿ ಒಂದು ಪತ್ರ ಕೊಟ್ಟು, ಹೆಸರು, ಟೋಕನ್ ನಂಬರ್ ಬದಲಿಸಿ 46 ಪ್ರತಿ ತೆಗೆ ಎಂದರು. ‘ವೈಯಕ್ತಿಕ ಕಾರಣಗಳಿಂದ ಕೆಲಸಕ್ಕೆ ರಾಜೀನಾಮೆ ನೀಡುತ್ತಿದ್ದೇನೆ’ ಎಂಬ ಒಕ್ಕಣೆ, ಇಂಗ್ಲಿಷಿನಲ್ಲಿ. ಹನ್ನೊಂದನೆಯ ಪ್ರತಿ ಕಾಲರ್ ಅಕ್ಕನದು. ಕೈ ನಿಂತಿತು. ಆಮೇಲೆ ಟೈಪ್ ಮಾಡಿದೆ. ಮಧ್ಯಾಹ್ನ ಒಬ್ಬೊಬ್ಬರನ್ನೇ ಕರೆದರು. ಸಹಿ ಹಾಕಿದರೆ ಈ ತಿಂಗಳ ಪೂರ್ತಿ ಸಂಬಳ, ಇಲ್ಲದಿದ್ದರೆ ಅದೂ ಇಲ್ಲ ಎಂದರು. ಓದಿ ಹೇಳಿದವರಿಲ್ಲ. ಅವಳು ಕನ್ನಡದಲ್ಲಿ ಸಹಿ ಹಾಕಿದಳು.

ಸಂಜೆ ಮೇಷ್ಟ್ರ ಹತ್ತಿರ ಕೂತು ಲೆಕ್ಕ ಹಾಕಿಸಿಕೊಂಡೆ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆ ಕೆಲಸಗಾರರನ್ನು ತೆಗೆಯಬೇಕಾದರೆ ಮೊದಲು ಸರ್ಕಾರದ ಅನುಮತಿ ಬೇಕು. ಮೂರು ತಿಂಗಳ ನೋಟಿಸು ಇಲ್ಲವೇ ಅಷ್ಟು ಸಂಬಳ, ಜೊತೆಗೆ ವರ್ಷಕ್ಕೆ ಹದಿನೈದು ದಿನದ ವೇತನ ಕೊಡಬೇಕು. ಅವಳ ತಿಂಗಳ ಸಂಬಳ 2,860. ಸರ್ವಿಸು ನಾಲ್ಕು ವರ್ಷ ಐದು ತಿಂಗಳು. ನೋಟಿಸಿನ ಬಾಬ್ತು 8,580, ಪರಿಹಾರ 5,720, ಒಟ್ಟು 14,300 ರೂಪಾಯಿ. ತಾನಾಗಿಯೇ ಬಿಟ್ಟಳು ಎಂದಾದರೆ ಸೊನ್ನೆ. ಗ್ರಾಚ್ಯುಟಿಗೆ ಐದು ವರ್ಷ ತುಂಬಬೇಕು. ಇನ್ನು ಏಳೇ ತಿಂಗಳು ಇತ್ತು.

ಆರ್ಡರ್ ಇಲ್ಲ ಎನ್ನುವುದು ನಿಜ. ಗೋಡೌನಿನಲ್ಲಿ ನಿಂತ ಪೆಟ್ಟಿಗೆಗಳನ್ನು ನಾನೇ ಎಣಿಸಿದ್ದೇನೆ. ಆದರೆ ಬಡವರಿಗೆಂದು ಕಾನೂನು ಇಟ್ಟ ಹದಿನಾಲ್ಕು ಸಾವಿರವನ್ನು ಒಂದು ಹಾಳೆಯಿಂದ ಒರೆಸಿಹಾಕುವುದು ಆರ್ಥಿಕ ಹಿಂಜರಿತವಲ್ಲ, ಅನ್ಯಾಯ. ಆ ಹಾಳೆ ನನ್ನ ಕೈಯಿಂದ ಹೋಯಿತು. ಫೀಸು ಕಟ್ಟಲು ಕೆಲಸ ಬೇಕಿತ್ತು, ಅದಕ್ಕೇ ಬಾಯಿ ಬಿಡಲಿಲ್ಲ.

27 ಮಾರ್ಚ್, ಶುಕ್ರವಾರ

ಯುಗಾದಿ. ಊರಿಗೆ ಹೋಗಲಿಲ್ಲ, ಬಸ್ ಚಾರ್ಜು ಉಳಿಯಿತು. ಕಾಲರ್ ಅಕ್ಕ ಒಂದು ಡಬ್ಬಿಯಲ್ಲಿ ಬೇವು-ಬೆಲ್ಲ, ಎರಡು ಒಬ್ಬಟ್ಟು ತಂದುಕೊಟ್ಟು “ಓದ್ಕೋ” ಎಂದಷ್ಟೇ ಹೇಳಿ ಹೋದಳು. ಈಗ ಎರಡು ಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ.

24 ಏಪ್ರಿಲ್, ಶುಕ್ರವಾರ

ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಪಿ.ಎಫ್. ತೆಗೆಯಬಹುದು. ಅಕ್ಕ ಫಾರಂ 19, 10ಸಿ ಎರಡನ್ನೂ ಮಡಿಸದೆ ಹಳೆಯ ಕ್ಯಾಲೆಂಡರಿನೊಳಗಿಟ್ಟು ತಂದಿದ್ದಳು. ಫೆಬ್ರವರಿಯ ಮಾತನ್ನು ಅವಳಿಗೆ ಹೇಳಿದೆ, ಟೈಪ್ ಮಾಡಿದ್ದು ನಾನು ಎಂದು. “ಗೊತ್ತಿತ್ತು ಬಿಡು, ಆಫೀಸಲ್ಲಿ ಇನ್ಯಾರಿದಾರೆ ಟೈಪ್ ಮಾಡೋಕೆ” ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

‘ಕೆಲಸ ಬಿಟ್ಟ ಕಾರಣ’ ಎಂಬ ಕಲಂ ಬಂತು. ಫ್ಯಾಕ್ಟರಿ ದಾಖಲೆಗೆ ತಾಳೆಯಾಗದಿದ್ದರೆ ಅರ್ಜಿ ವಾಪಸ್ ಬರುತ್ತದೆ, ದುಡ್ಡು ತಿಂಗಳುಗಟ್ಟಲೆ ಕೂರುತ್ತದೆ.

“ಏನಂತ ಬರೀತಿದ್ದೀಯಾ?”

“ರಾಜೀನಾಮೆ ಅಂತ.”

“ಬರಿ. ಮೊದಲು ದುಡ್ಡು ಬರಲಿ.”

ಎಡಗೈಯಿಂದ ಹಾಳೆ ಒತ್ತಿ ಹಿಡಿದು ಸಹಿ ಹಾಕಿದಳು. ನಿನ್ನೆಯ ಓಟಿನ ಶಾಯಿ ಅವಳ ಉಗುರಿನ ಮೇಲೆ ಇನ್ನೂ ಕಪ್ಪಗಿತ್ತು.

ಫಾರಂನಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ. 21 ಫೆಬ್ರವರಿ 2009ರಂದು ಅವಳನ್ನು ಕೆಲಸದಿಂದ ತೆಗೆದುಹಾಕಿದರು. ಬರಬೇಕಾದ ಬಾಕಿ ರೂ. 14,300.